ಮೊದಲು ಮುಟ್ಟುವ ಕೈಗೆ ತರಬೇತಿ ಇದೆಯೇ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಗೆ ಐವತ್ತು ತುಂಬಿದ ಸಂಭ್ರಮದಲ್ಲಿ ಆಂಬುಲೆನ್ಸ್ ವಿಷಯ ಎತ್ತಿದರೆ ಅಪಶಕುನ ಅನ್ನಿಸಬಹುದು. ಬಿಡ್ತು ಅನ್ನಿ. ಆದರೆ ಇಷ್ಟು ಜನ ಒಟ್ಟಿಗೆ ಕೂತು ಕೇಳುವ ದಿನ ಮತ್ತೆ ಸಿಗುವುದಿಲ್ಲ. ಆದ್ದರಿಂದ ಹತ್ತು ನಿಮಿಷ ಕೇಳಿಕೊಳ್ಳುತ್ತೇನೆ.

ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನೆಲೆಸಿದ್ದೇನೆ. 1892ರಲ್ಲಿ ಹುಟ್ಟಿದ ಬಡಾವಣೆ ಅದು. 1898ರಲ್ಲಿ ಪ್ಲೇಗ್ ಬಂದು ಊರು ತತ್ತರಿಸಿದಾಗ, ಇಕ್ಕಟ್ಟಿನ ಪೇಟೆಯಿಂದ ಜನ ಹೊರಬರಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಪ್ಲೇಗ್ ಕೆಲಸಕ್ಕೆ ಅನುಕೂಲವಾಗಲೆಂದು ಟೆಲಿಫೋನ್ ತಂತಿಯನ್ನೂ ಎಳೆದರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. ಅಗಲವಾದ ರಸ್ತೆ, ಸುದ್ದಿ ಮುಟ್ಟಿಸುವ ತಂತಿ, ಹತ್ತಿರದಲ್ಲೇ ಆಸ್ಪತ್ರೆ. ಜೀವ ಉಳಿಸಲು ಏನು ಬೇಕೆಂದು ಅಂದಿನವರಿಗೆ ಗೊತ್ತಿತ್ತು.

ಇಂದು ಆ ಮೂರರ ಕಥೆ ನೋಡಿ. ಆಸ್ಪತ್ರೆ ಕೂಗಳತೆಯಲ್ಲಿದೆ, ಆದರೆ ಸಂಜೆ ಆರು ಗಂಟೆಗೆ ಸಿರ್ಸಿ ವೃತ್ತದಿಂದ ಕೆ.ಆರ್. ಮಾರುಕಟ್ಟೆ ದಾಟುವುದೇ ಒಂದು ಸಾಹಸ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವಾಗ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ನಮ್ಮೂರಿನ ಕಷ್ಟ ಬೇರೆ. ಇಲ್ಲಿ ರಸ್ತೆ ಖಾಲಿ, ಆಸ್ಪತ್ರೆ ದೂರ. ಎರಡು ಕಡೆಯೂ ಕಳೆದುಹೋಗುವುದು ಅದೇ ನಿಮಿಷಗಳು.

ಈ ನಿಮಿಷಗಳನ್ನು ಉಳಿಸಲೆಂದೇ 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108 ಆರೋಗ್ಯ ಕವಚ ಆರಂಭವಾಯಿತು. 2015ರಲ್ಲಿ ಬೆಂಗಳೂರಿನ ಸಂದಿಗೊಂದಿಗಳಿಗೆಂದು ಬೈಕ್ ಆಂಬುಲೆನ್ಸ್ ಬಂತು. 108ರ ಗಾಡಿಯಲ್ಲಿ ಚಾಲಕರ ಜೊತೆ ಇಎಂಟಿ ಎನ್ನುವ ತುರ್ತು ಚಿಕಿತ್ಸಾ ತಂತ್ರಜ್ಞರಿರುತ್ತಾರೆ. ಉಸಿರಾಟದ ದಾರಿ ತೆರವು ಮಾಡುವುದು, ರಕ್ತ ನಿಲ್ಲಿಸುವುದು, ಮುರಿದ ಮೂಳೆಗೆ ಆಧಾರ ಕಟ್ಟುವುದು, ಓಡುವ ಗಾಡಿಯಲ್ಲೇ ಹೆರಿಗೆ ಮಾಡಿಸುವುದು, ಎಲ್ಲವೂ ಅವರ ಕೆಲಸವೇ. ಇವರಿಗೆ ಸಿಗುವ ತರಬೇತಿ ಸಾಕೇ?

ಅಮೆರಿಕದಲ್ಲಿ ಮೂಲ ಹಂತದ ಇಎಂಟಿಗೆ 150 ಗಂಟೆಗೂ ಹೆಚ್ಚು ತರಬೇತಿ ಇರುತ್ತದೆ. ಅದರ ಮೇಲಿನ ಪ್ಯಾರಾಮೆಡಿಕ್ ಹಂತಕ್ಕೆ ಸಾವಿರ ಗಂಟೆ ದಾಟುತ್ತದೆ. ಅಲ್ಲಿನ ರಾಷ್ಟ್ರೀಯ ಪ್ರಮಾಣಪತ್ರವನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ನಮ್ಮಲ್ಲಿ 2021ರ ಕೇಂದ್ರ ಕಾಯ್ದೆಯೊಂದು ಇಂಥ ಆರೋಗ್ಯ ವೃತ್ತಿಗಳಿಗೆ ಒಂದೇ ಮಟ್ಟದ ಶಿಕ್ಷಣ ಮತ್ತು ನೋಂದಣಿಯ ದಾರಿ ತೆರೆದಿದೆ. ಆ ದಾರಿಯಲ್ಲಿ ನಡೆಯುವುದು ಇನ್ನೂ ಬಹಳ ಉಳಿದಿದೆ. ಸಂಬಳ ಬಾಕಿ ಉಳಿದು 108ರ ಸಿಬ್ಬಂದಿ ಮುಷ್ಕರದ ಮಾತಾಡಿದ್ದನ್ನು ನೀವೂ ಪತ್ರಿಕೆಗಳಲ್ಲಿ ಓದಿದ್ದೀರಿ. ನುರಿತವರು ಬೇಸತ್ತು ಕೆಲಸ ಬಿಟ್ಟರೆ ಅವರ ಜೊತೆ ಅನುಭವವೂ ಹೊರಟುಹೋಗುತ್ತದೆ. ಇನ್ನು ಕೆಲವು ಖಾಸಗಿ ಗಾಡಿಗಳಲ್ಲಿ ಸ್ಟ್ರೆಚರ್, ಸೈರನ್, ಚಾಲಕ ಇಷ್ಟೇ. ಅದು ಆಂಬುಲೆನ್ಸ್ ಅಲ್ಲ, ಮಲಗಿಸಿಕೊಂಡು ಹೋಗುವ ವ್ಯಾನು.

ಆದರೆ ನನ್ನ ಮುಖ್ಯ ಮಾತು ಬೇರೆ ಇದೆ. ಹೃದಯ ನಿಂತ ಮನುಷ್ಯನಿಗೆ ಯಾರೂ ಏನೂ ಮಾಡದಿದ್ದರೆ, ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ಎಷ್ಟೇ ಕಲಿತ ಇಎಂಟಿ ಆದರೂ ಹದಿನೈದು ನಿಮಿಷಕ್ಕೆ ಬಂದರೆ ಮಾಡಲು ಉಳಿಯುವುದು ಕಡಿಮೆ. ಹಾಗಾದರೆ ಮೊದಲು ತಲುಪುವವರು ಯಾರು? ಸಂಚಾರ ಪೊಲೀಸ್, ಬಸ್ ಕಂಡಕ್ಟರ್, ಆಟೋದವರು, ಅಂಗಡಿಯವರು, ಶಾಲೆಯ ಪಿ.ಟಿ. ಮೇಷ್ಟ್ರು.

2024ರ ನವೆಂಬರ್‌ನಲ್ಲಿ ನೆಲಮಂಗಲದ ಕಡೆಯಿಂದ ಬರುತ್ತಿದ್ದ ಬಿಎಂಟಿಸಿ ಬಸ್ಸಿನ ಚಾಲಕರು ಹೃದಯಾಘಾತವಾಗಿ ಸೀಟಿನಲ್ಲೇ ಕುಸಿದರು. ಕಂಡಕ್ಟರ್ ಹಾರಿ ಬಂದು ಸ್ಟೇರಿಂಗ್ ಹಿಡಿದು ಬಸ್ ನಿಲ್ಲಿಸಿದರು. ಪ್ರಯಾಣಿಕರು ಉಳಿದರು, ಚಾಲಕರು ಉಳಿಯಲಿಲ್ಲ. ಆ ಕಂಡಕ್ಟರಿಗೆ ನಮ್ಮೆಲ್ಲರ ನಮಸ್ಕಾರ ಸಲ್ಲಬೇಕು. ಧೈರ್ಯ, ಸಮಯಪ್ರಜ್ಞೆ ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಆ ಧೈರ್ಯದ ಕೈಗೆ ಎದೆ ಒತ್ತುವ ವಿದ್ಯೆ ಕೊಡುವುದು ನಮ್ಮ ಹೊಣೆ.

ನಮ್ಮ ವೃತ್ತಿಯಲ್ಲಿ ಸರ್ವರ್ ಕೆಟ್ಟರೆ ಯಾರು, ಯಾವ ಕ್ರಮದಲ್ಲಿ, ಏನು ಮಾಡಬೇಕೆಂದು ಬರೆದಿಟ್ಟಿರುತ್ತೇವೆ. ಬರೆದಿಟ್ಟರೆ ಸಾಲದೆಂದು ಅಭ್ಯಾಸವನ್ನೂ ಮಾಡುತ್ತೇವೆ. ಕೆಟ್ಟ ಗಳಿಗೆಯಲ್ಲಿ ತಲೆ ಓಡುವುದಿಲ್ಲ, ಅಭ್ಯಾಸವಾದ ಕೈ ಓಡುತ್ತದೆ. ಯಂತ್ರಕ್ಕೆ ಇಷ್ಟು ಮುತುವರ್ಜಿ ಇದ್ದರೆ ಮನುಷ್ಯನಿಗೆ ಬೇಡವೇ?

ಅಭ್ಯಾಸವಿಲ್ಲದಾಗ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹೊಯ್ಯುತ್ತೇವೆ, ಅದು ಶ್ವಾಸನಾಳಕ್ಕೆ ಇಳಿಯಬಹುದು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುತ್ತೇವೆ. ಕೊಡಬೇಕಾದ್ದು ಅದಲ್ಲ, ಮಗ್ಗುಲಿಗೆ ಹೊರಳಿಸಿ ಮಲಗಿಸುವುದು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಕೊಯ್ಯುತ್ತೇವೆ. ಎರಡೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಓಡಬೇಕು. ಅಪಘಾತದಲ್ಲಿ ಬಿದ್ದವರನ್ನು ಕೈಕಾಲು ಹಿಡಿದು ಮೂಟೆಯಂತೆ ಎತ್ತುತ್ತೇವೆ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಒಂದು ಎತ್ತುವಿಕೆ ಜೀವಮಾನದ ಶಿಕ್ಷೆಯಾಗುತ್ತದೆ.

ಅರೆಬರೆ ಕಲಿತವರು ಪಕ್ಕೆಲುಬು ಮುರಿದರೆ ಎಂದು ಹಿರಿಯರು ಕೇಳಬಹುದು. ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತದೆ, ನಿಂತ ಹೃದಯ ಕಾಯುವುದಿಲ್ಲ. ಪೊಲೀಸ್, ಕೋರ್ಟು ಎಂಬ ಭಯವೂ ಬೇಡ. ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ನಾಡೇ ಅತ್ತಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಕೊಡುತ್ತಾರೆ. ಒಳ್ಳೆಯ ಕೆಲಸ. ಆದರೆ ಆ ಬಾಗಿಲವರೆಗೆ ರೋಗಿ ಜೀವಂತ ತಲುಪಬೇಕಲ್ಲ?

ಅದಕ್ಕೇ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ಕೋರಿಕೆ. ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಸ್ವಾಗತ ಕಮಾನು ಕಟ್ಟಿಸುವ ಮಾತಿದೆ. ಕಮಾನು ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ಎದೆ ಒತ್ತುವುದನ್ನು ಕಲಿಸುವ ಎರಡು ಬೊಂಬೆ ಕೊಳ್ಳೋಣ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ, ಊರಿನ ಆಟೋ, ಟ್ರ್ಯಾಕ್ಟರ್ ಚಾಲಕರಿಗೆ, ಆಶಾ ಕಾರ್ಯಕರ್ತೆಯರಿಗೆ ಬಲ್ಲವರನ್ನು ಕರೆಸಿ ಅರ್ಧ ದಿನ ಕಲಿಸೋಣ. ಮಾರನೇ ವರ್ಷ ಅದೇ ಜನಕ್ಕೆ ಮತ್ತೆ ಅಭ್ಯಾಸ ಮಾಡಿಸೋಣ. ತರಬೇತುದಾರರನ್ನು ಕರೆತರುವ ಖರ್ಚು, ಓಡಾಟ ಮೊದಲ ಮೂರು ವರ್ಷ ನನ್ನದು.

ಮಕ್ಕಳೇ, ಇಷ್ಟು ನೆನಪಿಡಿ. ಯಾರಾದರೂ ಕುಸಿದು, ಕೂಗಿದರೂ ಎಚ್ಚರವಾಗದೆ, ಸರಿಯಾಗಿ ಉಸಿರಾಡದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಎದೆಯ ನಡುವೆ ಅಂಗೈ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ದೊಡ್ಡವರಾದರೆ ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಸುಸ್ತಾದರೆ ಕೈ ಬದಲಿಸಿ. ನೆರವು ಬರುವವರೆಗೆ ನಿಲ್ಲಿಸಬೇಡಿ.

ಮಗ್ಗಿ ಬಾಯಿಪಾಠ ಮಾಡಿಸಿ ಕಳಿಸಿದ ಶಾಲೆ ಇದು. ಇದನ್ನೂ ಮಗ್ಗಿಯಂತೆಯೇ ಕಲಿಸಲಿ.