ಕಂಡ ನಾಡು, ನಿಂತ ನೆಲೆ



ಸಾಹಿತ್ಯ, ಚರಿತ್ರೆ, ಅನುಭವ ಎಂಬ ಮೂರರ ಮುಖಾಂತರ ಮನುಷ್ಯನು ಲೋಕದಲ್ಲಿ ತನ್ನ ಸ್ಥಾನವನ್ನು ಅರಿಯುವ ಬಗೆ ಯಾವುದೆಂಬ ಪ್ರಶ್ನೆಯನ್ನು ಈ ವಿಚಾರಗೋಷ್ಠಿಗೆ ವಿಷಯವಾಗಿ ಆರಿಸಿಕೊಂಡು, ಅದರ ಆಶಯವನ್ನು ವಿವರಿಸುವ ಹೊಣೆಯನ್ನು ನನಗೆ ಒಪ್ಪಿಸಿದ್ದೀರಿ. ಮಾನವನ ಸ್ಥಾನವನ್ನು ತತ್ತ್ವಶಾಸ್ತ್ರದ ಶಿಖರದಿಂದ ವಿಚಾರಮಾಡಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ನನಗೆ ಆ ಸಾಮರ್ಥ್ಯವಿಲ್ಲ, ನಿಜವನ್ನು ಹೇಳುವುದಾದರೆ ಆ ಎತ್ತರದಲ್ಲಿ ನನಗೆ ಅಷ್ಟು ವಿಶ್ವಾಸವೂ ಇಲ್ಲ. ಆದುದರಿಂದ ಗೋಷ್ಠಿಯು ನೆರೆದಿರುವ ಈ ಮಡಿಕೇರಿಯನ್ನೂ ಇದರ ಸುತ್ತಣ ಕೊಡಗನ್ನೂ ಉದಾಹರಣೆಯಾಗಿ ಹಿಡಿದು, ಅದರಲ್ಲಿಯೂ ಒಂದೇ ಘಟನೆಯನ್ನು, ಎಂದರೆ 1834ರಲ್ಲಿ ಹಾಲೇರಿ ವಂಶದ ಅರಸೊತ್ತಿಗೆಯು ಕೊನೆಗೊಂಡುದನ್ನು ಎದುರಿಗಿಟ್ಟುಕೊಂಡು, ಅದನ್ನು ಕಂಡವರೂ ಕೇಳಿದವರೂ ಬರೆದವರೂ ಎಲ್ಲೆಲ್ಲಿ ನಿಂತಿದ್ದರೆಂಬುದನ್ನು ವಿಚಾರಮಾಡುವುದಕ್ಕೆ ನಿಮ್ಮ ಅನುಮತಿಯನ್ನು ಬೇಡುತ್ತೇನೆ. ನಮ್ಮನ್ನು ಕುರಿತು ಬರೆದವನು ನಿಂತ ನೆಲೆಯನ್ನು ಗುರುತಿಸಿದಾಗಲೇ ನಾವು ನಿಂತ ನೆಲೆಯೂ ಗುರುತಿಗೆ ಬರುವುದೆಂಬುದು ನನ್ನ ಪ್ರತಿಪಾದನೆ. ಇದಕ್ಕಿಂತ ದೊಡ್ಡ ಸಿದ್ಧಾಂತವಾವುದೂ ನನ್ನ ಬಳಿ ಇಲ್ಲ.

ಘಟನೆಯು ನಿಮಗೆಲ್ಲ ಗೊತ್ತಿರತಕ್ಕದ್ದೇ. ಎರಡು ಶತಮಾನಗಳಿಗೂ ಮಿಕ್ಕು ಕೊಡಗನ್ನಾಳಿದ ಹಾಲೇರಿ ಅರಸರು ವೀರಶೈವರು. ಪ್ರಜೆಗಳಲ್ಲಿ ಪ್ರಬಲರಾದ ಕೊಡವರಾದರೋ ಕಾವೇರಮ್ಮನನ್ನು, ಇಗ್ಗುತಪ್ಪನನ್ನು, ತಮ್ಮ ತಮ್ಮ ಕುಲದ ಹಿರಿಯರಾದ ಗುರುಕಾರೋಣರನ್ನು ನೆನೆಯುವವರು. ಅರಮನೆಯ ಲೆಕ್ಕಪತ್ರಗಳ ಭಾಷೆ ಕನ್ನಡ, ಮನೆಯ ಮಾತುಗಳು ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ ಎಂದು ಹಲವು. ಇಂತಹ ನಾಡಿನ ಮೇಲೆ 1834ರ ಏಪ್ರಿಲ್ ತಿಂಗಳಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವು ಹಲವು ಕಡೆಗಳಿಂದ ಏರಿಬಂದಿತು, ದಿವಾನನಾದ ಅಪ್ಪಾರಂಡ ಬೋಪು ಕಂಪನಿಯ ಪಕ್ಷವನ್ನು ಸೇರಿದನು, ಕರ್ನಲ್ ಫ್ರೇಸರನು ಮಡಿಕೇರಿಯ ಕೋಟೆಯನ್ನು ಹೊಕ್ಕನು, ಅರಸನಾದ ಚಿಕ್ಕವೀರರಾಜೇಂದ್ರನು ಶರಣಾದನು. ಮೇ 7ರಂದು ಹೊರಟ ಘೋಷಣೆಯು, ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆಯೇ ಈ ನಾಡನ್ನು ಕಂಪನಿಯ ಆಳ್ವಿಕೆಗೆ ತೆಗೆದುಕೊಳ್ಳಲಾಗಿದೆಯೆಂದು ಸಾರಿತು. ಆ ಒಮ್ಮತವನ್ನು ಯಾರು ಯಾರಿಂದ ಕೇಳಿ ಪಡೆದರೆಂಬುದು ಇತಿಹಾಸದ ಅಧ್ಯಾಪಕನು ಪಾಠದ ಮೊದಲ ದಿನವೇ ಎತ್ತಬೇಕಾದ ಪ್ರಶ್ನೆಯೆಂದು ನನ್ನ ಅಭಿಪ್ರಾಯ.

ಈ ಘಟನೆಗೆ ಮುನ್ನ ಅರಸರು ತಮ್ಮ ಚರಿತ್ರೆಯನ್ನು ತಾವೇ ಬರೆಯಿಸಿದ್ದುಂಟು. ದೊಡ್ಡವೀರರಾಜೇಂದ್ರನ ಅಪ್ಪಣೆಯಿಂದ ಕನ್ನಡದಲ್ಲಿ ಸಿದ್ಧವಾದ ‘ರಾಜೇಂದ್ರನಾಮೆ’ಯು 1633ರಿಂದ 1807ರ ವರೆಗಿನ ವೃತ್ತಾಂತವನ್ನು ಹೇಳುತ್ತದೆ; 1808ರಲ್ಲಿಯೇ ಅದು ಇಂಗ್ಲಿಷಿಗೂ ಅನುವಾದವಾಯಿತು. ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿ ಇರಿಸಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಬಂದು, ಕಳೆದುಹೋದ ರಾಜ್ಯವನ್ನು ಮರಳಿ ಗಳಿಸಿ, 1790ರಲ್ಲಿ ಕಂಪನಿಯೊಡನೆ ಕೌಲು ಮಾಡಿಕೊಂಡ ಅರಸನು ತನ್ನ ವಂಶದ ಕಥೆಯನ್ನು ಅಷ್ಟು ತ್ವರೆಯಿಂದ ಇಂಗ್ಲಿಷಿಗೆ ದಾಟಿಸಿದುದರ ಇಂಗಿತವನ್ನು ಊಹಿಸುವುದು ಕಷ್ಟವಲ್ಲ. ಅದು ಮೊಮ್ಮಕ್ಕಳಿಗಾಗಿ ಬರೆಯಿಸಿದ ಗ್ರಂಥವಾಗಿರುವಂತೆಯೇ, ಬಲಿಷ್ಠನಾದ ಮಿತ್ರನ ಮುಂದಿಟ್ಟ ಹಕ್ಕುಪತ್ರವೂ ಆಗಿತ್ತು. ಆ ಹಕ್ಕುಪತ್ರವು ಕಾಲು ಶತಮಾನ ಕಳೆದ ಮೇಲೆ ಅವನ ತಮ್ಮನ ಮಗನಿಗೆ ಯಾವ ಪ್ರಯೋಜನಕ್ಕೂ ಬರಲಿಲ್ಲ.

ಪದಚ್ಯುತನಾದ ಅರಸನು ಕಾಶಿಗೆ ಹೋದನು. 1852ರಲ್ಲಿ ಅಲ್ಲಿಂದ ಲಂಡನ್ನಿಗೆ ತೆರಳಿ, ಕಂಪನಿಯ ಬಳಿಯಲ್ಲಿದ್ದ ತನ್ನ ಹಣಕ್ಕಾಗಿ ವ್ಯಾಜ್ಯ ಹೂಡಿದನು. ಅವನೊಡನೆ ಹೋದ ಎಳೆಯ ಮಗಳು ಗೌರಮ್ಮನಿಗೆ ಅದೇ ವರ್ಷದ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರನು ಬರೆದ ಈ ಬಾಲೆಯ ಚಿತ್ರಪಟವು ಇಂದಿಗೂ ಇಂಗ್ಲೆಂಡಿನ ರಾಜಸಂಗ್ರಹದಲ್ಲಿದೆ. 1859ರಲ್ಲಿ ಅರಸನು ಲಂಡನ್ನಿನಲ್ಲಿಯೇ ತೀರಿಕೊಂಡನು. ಕ್ಯಾಂಬೆಲ್ ಎಂಬ ಕರ್ನಲನನ್ನು ಮದುವೆಯಾದ ಮಗಳು 1864ರಲ್ಲಿ ತಂದೆಯನ್ನು ಹಿಂಬಾಲಿಸಿದಳು. ಬಕಿಂಗ್‌ಹ್ಯಾಮ್‌ನಲ್ಲಿ ನಿಂತು ನೋಡಿದವರ ಕಣ್ಣಿಗೆ 1834 ಎಂಬುದು ಈ ರಾಜಕುಮಾರಿಯ ಕಥೆಯ ಪೀಠಿಕೆ ಮಾತ್ರ. ಅವಳು ಏನನ್ನು ಕಂಡಳೋ, ಅವಳ ಬಾಯಿಯ ಮಾತಿನಲ್ಲಿ ನಮಗೆ ದೊರೆತಿರುವುದು ಅತ್ಯಲ್ಪ. ಅವಳನ್ನು ಕಂಡವರ ಮಾತು ಮಾತ್ರ ಬೇಕಾದಷ್ಟಿದೆ.

ಇನ್ನು ಪಶ್ಚಿಮದ ಘಟ್ಟವನ್ನಿಳಿದು ಸುಳ್ಯಕ್ಕೆ ಬನ್ನಿ. ಅಲ್ಲಿ ನಿಂತವರಿಗೆ 1834ನೆಯ ಇಸವಿಯು ಸಿಂಹಾಸನದ ಕಥೆಯಾಗಿ ತೋರಲಿಲ್ಲ, ಕಂದಾಯದ ಕಥೆಯಾಗಿ ತೋರಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ ಸೀಮೆಯನ್ನು ಕಂಪನಿಯವರು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆದ ಬೆಳೆಯಲ್ಲಿಯೇ ತೆರಿಗೆಯನ್ನು ಅಳೆದುಕೊಟ್ಟು ಅಭ್ಯಾಸವಾಗಿದ್ದ ರೈತನು ನಗದನ್ನು ಎಣಿಸಿಕೊಡಬೇಕಾಯಿತು. ಹಣವು ಬೇಕಾದರೆ ಧಾನ್ಯವನ್ನು ಮಾರಬೇಕು. ಮಾರುವ ಕಾಲದಲ್ಲಿ ಎಲ್ಲರೂ ಮಾರುವವರೇ ಆದುದರಿಂದ ಕೇಳಿದವನು ಹೇಳಿದುದೇ ಬೆಲೆ. 1837ರಲ್ಲಿ, ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಈ ಜನರು ದಂಡು ಕಟ್ಟಿ, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಮಂಗಳೂರಿನ ವರೆಗೂ ನಡೆದರು. ಅದೇ ವರ್ಷ ಅಕ್ಟೋಬರ್ 31ರಂದು ದಂಗೆಯ ಮುಖಂಡರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ದಂಗೆಯನ್ನಡಗಿಸುವುದರಲ್ಲಿ ಕಂಪನಿಗೆ ನೆರವಾದ ಕೊಡವ ಮುಖಂಡರಿಗೆ ಪದಕಗಳು ದೊರೆತವು. ಪದಕವನ್ನು ಪಡೆದವರ ಮನೆಯಲ್ಲಿಯೂ ನೇಣನ್ನು ಕಂಡವರ ಮನೆಯಲ್ಲಿಯೂ ಅದೇ ಇಸವಿಯನ್ನು ನೆನೆಯುತ್ತಾರೆ, ಆದರೆ ನೆನಪುಗಳು ಒಂದಾಗುವುದಿಲ್ಲ. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ಕಾದಂಬರಿಗಾರರಾಗಿ ಕಲ್ಯಾಣಸ್ವಾಮಿಯನ್ನು ಆರಿಸಿಕೊಂಡುದು ಆಕಸ್ಮಿಕವೆಂದು ನಾನು ಭಾವಿಸಲಾರೆ.

ಮಾಸ್ತಿಯವರು ಆರಿಸಿಕೊಂಡವನು ಅರಸ. ಅವರ ಕಾದಂಬರಿ ‘ಚಿಕವೀರ ರಾಜೇಂದ್ರ’ ಪ್ರಕಟವಾದುದು 1956ರಲ್ಲಿ; ಅದೇ ವರ್ಷದ ನವೆಂಬರ್ 1ರಂದು, ಅಲ್ಲಿಯ ತನಕ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ವಿಶಾಲ ಮೈಸೂರಿನಲ್ಲಿ ಲೀನವಾಯಿತು. ಈ ಎರಡರ ನಡುವೆ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಅತಿಸಾಹಸ. ಆದರೆ ನಾಡೊಂದು ತನ್ನ ಪ್ರತ್ಯೇಕತೆಯನ್ನು ಎರಡನೆಯ ಬಾರಿ ಬಿಟ್ಟುಕೊಡುತ್ತಿದ್ದಾಗ ಮೊದಲನೆಯ ಬಾರಿಯ ಕಥೆಯನ್ನು ಕೈಗೆತ್ತಿಕೊಂಡ ಓದುಗನಿಗೆ ಅದು ಬರಿಯ ಹಳೆಯ ಕಥೆಯಾಗಿ ಕಂಡಿರಲಾರದು. ಮಾಸ್ತಿಯವರು ಮೈಸೂರು ಸಂಸ್ಥಾನದ ಆಡಳಿತದಲ್ಲಿ ಉನ್ನತ ಅಧಿಕಾರಿಯಾಗಿ ದುಡಿದವರು. ರಾಜ್ಯವೊಂದು ಕೆಡುವುದು ಹೇಗೆ, ಒಳ್ಳೆಯ ಮಂತ್ರಿಯೂ ಯಾವ ಹೊತ್ತಿನಲ್ಲಿ ಸ್ವಾಮಿಯನ್ನು ಬಿಟ್ಟು ಹೋಗುತ್ತಾನೆ, ಕಾದಂಬರಿಯ ಕುಂಟ ಬಸವನಂಥವನು ಅರಸನ ಕಿವಿಗೆ ಹತ್ತಿರವಾಗುವುದು ಎಂತು ಎಂಬ ವಿಷಯದಲ್ಲಿ ಅವರ ಲೇಖನಿಯು ಕಾಣಿಸುವ ತಿಳಿವಳಿಕೆಯು ಕಚೇರಿಯ ಒಳಗನ್ನು ಬಲ್ಲವನ ತಿಳಿವಳಿಕೆ. ಆ ಗ್ರಂಥದ ಕಾರುಣ್ಯವೂ ಅಲ್ಲಿಂದಲೇ ಬಂದುದು, ಅದರ ಮಿತಿಯೂ ಅಲ್ಲಿಂದಲೇ ಬಂದುದು. ಅರಮನೆಯ ಹೊಸ್ತಿಲನ್ನು ದಾಟಿ ಗದ್ದೆಯ ಕಡೆಗೆ ಹೋಗುವಾಗ ಅದರ ದೃಷ್ಟಿಯು ಅಷ್ಟು ತೀಕ್ಷ್ಣವಾಗಿಲ್ಲ. ಜ್ಞಾನಪೀಠವನ್ನು ಪಡೆದ ಕೃತಿಯ ವಿಷಯದಲ್ಲಿ ಹೀಗೆ ಹೇಳುವುದು ಕೆಲವರಿಗೆ ಹಿಡಿಸದಿರಬಹುದು. ಅವರೊಡನೆ ವಾದಿಸಲು ನಾನು ಸಿದ್ಧ.

ಒಳಗಿನವರೇ ಬರೆದರೆ ಈ ತೊಡಕು ತೀರುವುದೆ? ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯು ಕೊಡವರ ಹಾಡುಗಳನ್ನೂ ನಡೆನುಡಿಗಳನ್ನೂ ಕನ್ನಡ ಲಿಪಿಯಲ್ಲಿ ಕಾಪಾಡಿಕೊಟ್ಟ ಮಹೋಪಕಾರದ ಗ್ರಂಥ. ಆ ಹಾಡುಗಳನ್ನು ಹಾಡುವ ರೀತಿಯನ್ನು ಕಾಣದವರಿಗಾಗಿ ಹೇಳುತ್ತೇನೆ. ನಾಲ್ವರು ಗಂಡಸರು ಕೈಯಲ್ಲಿ ದುಡಿಯನ್ನು ಹಿಡಿದು ಬಾರಿಸುತ್ತಾ ಕುಳಿತಿರುತ್ತಾರೆ. ಇಬ್ಬರು ಒಂದು ಸಾಲನ್ನು ಹಾಡುತ್ತಾರೆ, ಅದೇ ಸಾಲನ್ನು ಉಳಿದಿಬ್ಬರು ಎತ್ತಿಕೊಂಡು ಮರಳಿ ಹಾಡುತ್ತಾರೆ. ಆ ಮರುಕಳಿಕೆಯ ಅವಧಿಯಲ್ಲಿ ಮೊದಲಿನವರು ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳುತ್ತಾರೆ. ಮನೆತನದ ಮೂಲಮನೆಯಾದ ಐನ್‌ಮನೆಯ ನಡುಕೋಣೆಯಲ್ಲಿ ತೂಗುದೀಪದ ಕೆಳಗೆ ಕುಳಿತು ಇದನ್ನು ಕೇಳಿದಾಗ, ಹಿಂದಿನವರು ಆಡಿದ ಮಾತನ್ನು ಮತ್ತೊಮ್ಮೆ ಆಡಿ ತೋರಿಸುವುದರಲ್ಲಿಯೇ ಒಕ್ಕದ, ಎಂದರೆ ಮನೆತನದ, ಸದಸ್ಯನಿಗೆ ತನ್ನ ಸ್ಥಾನವು ದೊರೆಯುವುದೆಂಬುದು ನನಗೆ ಸ್ಪಷ್ಟವಾಯಿತು. ಪುಸ್ತಕವು ಪದಗಳನ್ನು ಉಳಿಸಿತು. ಎರಡನೆಯ ಜೋಡಿಯ ಕಂಠವನ್ನು ಉಳಿಸುವುದು ಯಾವ ಪುಸ್ತಕದಿಂದಲೂ ಸಾಧ್ಯವಿರಲಿಲ್ಲ. ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡಗಿನ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥದಲ್ಲಿ ಈ ಒಕ್ಕದ ವ್ಯವಸ್ಥೆಯು ಶಾಸ್ತ್ರೀಯವಾದ ವಿಶ್ಲೇಷಣೆಗೆ ಒಳಗಾಯಿತು. ಮೈಸೂರಿನಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಕಲಿತವರ ನೆಲೆ ಮತ್ತೊಂದು ಬಗೆಯದು.

ನಾನು ತರಗತಿಯಲ್ಲಿ ಮಾಸ್ತಿಯವರ ಕಾದಂಬರಿಯನ್ನು ಪಾಠ ಹೇಳುತ್ತಿದ್ದಾಗ, ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು ನಿಂತು, “ಆ ವರ್ಷ ನಮ್ಮವರು ಎಲ್ಲಿದ್ದರು, ಸಾರ್?” ಎಂದು ಕೇಳಿದನು. ಅವನು ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದವನು. ತೋಟಗಳು ದೊಡ್ಡ ಪ್ರಮಾಣದಲ್ಲಿ ಎದ್ದುದು ಯುರೋಪಿಯನ್ ತೋಟಗಾರರು ಬಂದ ಮೇಲೆ, 1850ರ ದಶಕದಿಂದ ಈಚೆಗೆ. ಅವುಗಳಿಗೆ ಕೂಲಿಗಳು ಮೈಸೂರು ಸೀಮೆಯಿಂದಲೂ ತಮಿಳುನಾಡಿನಿಂದಲೂ ಮಲಬಾರಿನಿಂದಲೂ ಬಂದರು. ಆದುದರಿಂದ ಅವನ ಹಿರಿಯರು ಪ್ರಾಯಶಃ ಅಂದು ಇಲ್ಲಿ ಇರಲೇ ಇಲ್ಲವೆಂದು ಉತ್ತರ ಹೇಳಿದೆನು. ಅವನ ಪಕ್ಕದಲ್ಲಿ ಕುಳಿತಿದ್ದ ಎರವರ ಹುಡುಗನು ಏನನ್ನೂ ಕೇಳಲಿಲ್ಲ. ಅವನ ಹಿರಿಯರು ಅಂದು ಇಲ್ಲಿಯೇ ಇದ್ದರು. ಅವರಂತಹ ಇಲ್ಲಿಯ ಜೀತದ ಆಳುಗಳಲ್ಲಿ ಭೂಮಿ ಜಮ್ಮದ ಆಳುಗಳೆಂದೂ ಒಕ್ಕಲು ಜಮ್ಮದ ಆಳುಗಳೆಂದೂ ಎರಡು ಬಗೆಯುಂಟಾಗಿತ್ತು. ಮೊದಲಿನವರು ಭೂಮಿಗೆ ಅಂಟಿಕೊಂಡವರು, ಗದ್ದೆಯು ಕೈಬದಲಾದರೆ ಅದರೊಡನೆ ಬದಲಾಗತಕ್ಕವರು. ನಾನು ಈವರೆಗೆ ಹೆಸರಿಸಿದ ಗ್ರಂಥಗಳಲ್ಲಿ ಅವರ ಪ್ರಸ್ತಾಪವು ಬಂದರೂ, ಕಥೆಯನ್ನು ಹೇಳುವ ಕಂಠವು ಅವರದಾಗಿ ಎಲ್ಲಿಯೂ ಇಲ್ಲ. ಮೊದಲಿನ ಹುಡುಗನಿಗೆ ಚರಿತ್ರೆಯು ಒಂದು ಉತ್ತರವನ್ನಾದರೂ ಕೊಟ್ಟಿತು. ಎರಡನೆಯವನಿಗೆ ಪ್ರಶ್ನೆಯನ್ನು ಕೇಳುವ ಜಾಗವನ್ನೇ ಕೊಟ್ಟಿರಲಿಲ್ಲ. ಅನುಭವವು ಸಾಹಿತ್ಯಕ್ಕೂ ಚರಿತ್ರೆಗೂ ಪೂರಕವೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅನೇಕ ವೇಳೆ ಅದು ಪೂರಕವಾಗಿರುವುದಿಲ್ಲ, ಎದುರುಸಾಕ್ಷಿಯಾಗಿರುತ್ತದೆ.

ಈ ಎರಡು ದಿನಗಳಲ್ಲಿ ಮಂಡಿತವಾಗುವ ಪ್ರಬಂಧಗಳನ್ನು ಕುರಿತು ನನ್ನ ಅಪೇಕ್ಷೆಯನ್ನು ಸ್ವಲ್ಪದರಲ್ಲಿ ತಿಳಿಸಿಬಿಡುತ್ತೇನೆ. ಊಟದ ಬಿಡುವಿನಲ್ಲಿ ಕೋಟೆಯ ಒಳಕ್ಕೆ ಹೋಗಿ ಬನ್ನಿ. ಗಾರೆಯ ಎರಡು ಆನೆಗಳನ್ನೂ ಲಿಂಗರಾಜೇಂದ್ರನ ಅರಮನೆಯನ್ನೂ ನೋಡಿ. ಇಂಗ್ಲಿಷರು ಪ್ರಾರ್ಥನೆಗೆಂದು ಕಟ್ಟಿದ ಚರ್ಚು ಇಂದು ವಸ್ತುಸಂಗ್ರಹಾಲಯವಾಗಿ, ಅದರೊಳಗೆ ಜಿನಬಿಂಬಗಳೂ ವೀರಗಲ್ಲುಗಳೂ ನಿಂತಿರುವುದನ್ನು ಸಾವಕಾಶವಾಗಿ ನೋಡಿ. ಯಾವ ಕಲ್ಲು ಯಾವ ಊರಿನಿಂದ ಬಂದಿತೆಂದು ಅಲ್ಲಿಯ ಸಿಬ್ಬಂದಿಯನ್ನು ವಿಚಾರಿಸಿ. ಊರಿನಲ್ಲಿ ಅದರ ಮುಂದೆ ದೀಪವಿಡುತ್ತಿದ್ದವರು ಯಾರೆಂಬುದನ್ನೂ ಕೇಳಿ. ದಾಖಲೆಗಳನ್ನು ಕುರಿತು ಪ್ರಬಂಧ ಓದಲಿರುವವರು ಲಿಂಗರಾಜೇಂದ್ರನ ಕಾಲದ ಸಿಸ್ತಿನ, ಎಂದರೆ ಭೂಕಂದಾಯದ, ಲೆಕ್ಕಗಳಲ್ಲಿ ಗದ್ದೆಗಳ ವಿವರವನ್ನು ಮಾತ್ರ ನೋಡಿ ಮುಗಿಸದೆ, ಗದ್ದೆಯಲ್ಲಿ ದುಡಿದವರ ಸುಳಿವು ಎಷ್ಟರಮಟ್ಟಿಗೆ ದೊರೆಯುವುದೆಂಬುದನ್ನೂ ತಿಳಿಸಿದರೆ ಉಪಕಾರವಾಗುವುದು. ಸಾಹಿತ್ಯದವರು ಚರಿತ್ರೆಯ ಅಧಿವೇಶನದಲ್ಲಿಯೂ ಚರಿತ್ರೆಯವರು ಸಾಹಿತ್ಯದ ಅಧಿವೇಶನದಲ್ಲಿಯೂ ಕುಳಿತಿರಬೇಕು. ಎದ್ದು ಹೋಗುವವರನ್ನು ತಡೆಯುವ ಅಧಿಕಾರ ಮಾತ್ರ ನನಗಿಲ್ಲ.

ಪ್ರತಿಯೊಂದು ಪ್ರಬಂಧಕ್ಕೂ ಇಪ್ಪತ್ತು ನಿಮಿಷ, ಪ್ರಶ್ನೆಗಳಿಗೂ ಅಷ್ಟೇ ಕಾಲವೆಂದು ಸಂಚಾಲಕರು ಗೊತ್ತುಮಾಡಿದ್ದಾರೆ. ಕಾಲವು ಮೀರಿದಾಗ ಪ್ರಶ್ನೆಗಳ ಪಾಲನ್ನು ಕಡಿಮೆ ಮಾಡುವುದು ನಮ್ಮ ಗೋಷ್ಠಿಗಳ ಹಳೆಯ ಪದ್ಧತಿ. ಈ ಬಾರಿ ಪ್ರಬಂಧದ ಪಾಲನ್ನು ಕಡಿಮೆಮಾಡಿ, ಹಿಂದಿನ ಸಾಲಿನಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ಮೊದಲು ಮಾತನಾಡಲು ಅವಕಾಶ ಕೊಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸಿ, ಗೋಷ್ಠಿಯ ಕಾರ್ಯಕ್ರಮವನ್ನು ಅವರ ಕೈಗೆ ಒಪ್ಪಿಸುತ್ತೇನೆ.