ಹಾಜರಿ ಪುಸ್ತಕದ ಪಾತ್ರಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತಾಡು ಎಂದು ಗುರುಗಳು ಹೇಳಿದ್ದರು. ಅವರ ಅಪ್ಪಣೆ ಪಡೆದೇ ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಎರಡು ವರ್ಷದಿಂದ ರಜಾದಿನಗಳಲ್ಲಿ ಮಕ್ಕಳಿಗಾಗಿ ಮಾಯಾಲೋಕದ ಒಂದು ಕಾದಂಬರಿ ಮಾಲೆ ಬರೆಯುತ್ತಿದ್ದೇನೆ. ಅದರಲ್ಲಿ ನಲವತ್ತು ಪಾತ್ರಗಳಿವೆ. ಅಷ್ಟು ಜನರನ್ನು ನಿಭಾಯಿಸುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು.

ಹ್ಯಾರಿ ಪಾಟರ್ ಹೆಸರನ್ನು ಮಕ್ಕಳೆಲ್ಲ ಕೇಳಿದ್ದೀರಿ. ಮೊದಲ ಪುಸ್ತಕ ಬಂದದ್ದು 1997ರಲ್ಲಿ. ಲೇಖಕಿ ಜೆ.ಕೆ. ರೌಲಿಂಗ್ ಅವರು ಹ್ಯಾರಿಯ ತರಗತಿಯ 40 ಮಕ್ಕಳ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಹೆಸರಿನ ಪಕ್ಕದಲ್ಲಿ ಯಾವ ಹೌಸು, ತಂದೆತಾಯಿ ಮಾಂತ್ರಿಕರೋ ಅಲ್ಲವೋ ಎಂಬ ಗುರುತುಗಳು. ನಮ್ಮ ಮೇಷ್ಟ್ರ ಹಾಜರಿ ಪುಸ್ತಕವೇ ಸರಿ!

ಇಂಥ ಪಟ್ಟಿ ಏಕೆ ಬೇಕು? ನಮ್ಮ ಗಣಿತದ ಮೇಷ್ಟ್ರು ಕಲಿಸಿದ ಲೆಕ್ಕ ಹಾಕಿ ನೋಡಿ. 40 ಜನರಿದ್ದರೆ ಇಬ್ಬಿಬ್ಬರ ಜೋಡಿ 780 ಆಗುತ್ತದೆ. ಅಷ್ಟು ಸಂಬಂಧಗಳು ಬರೆಯುವವನ ತಲೆಯಲ್ಲಿ ನಿಲ್ಲುವುದಿಲ್ಲ.

ಆದರೆ ಹೆಸರು ಬರೆದುಕೊಂಡರೆ ಸಾಲದು. ಟೋಲ್ಕಿನ್ 1937ರಲ್ಲಿ ಪ್ರಕಟಿಸಿದ 'ದಿ ಹಾಬಿಟ್'ನಲ್ಲಿ 13 ಕುಬ್ಜರು ಬರುತ್ತಾರೆ. ಬಣ್ಣಬಣ್ಣದ ಕುಲಾವಿಗಳು, ಡೋರಿ, ನೋರಿ, ಓರಿ ಎಂಬಂಥ ಪ್ರಾಸದ ಹೆಸರುಗಳು. ಓದಿ ಮುಗಿಸಿದಾಗ ನನಗೆ ನೆನಪುಳಿದವರು ಮೂರ್ನಾಲ್ಕು ಮಂದಿ. ಅವರದೇ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಬಂತು. ಅಲ್ಲಿ ಹೊರಡುವವರು ಒಂಬತ್ತೇ ಜನ. ಉಂಗುರವನ್ನು ನಾಶಮಾಡಲು ಫ್ರೋಡೊ ನಡೆಯುತ್ತಾನೆ. ಅದೇ ಉಂಗುರದಿಂದ ತನ್ನ ನಗರವನ್ನು ಉಳಿಸಬಹುದೆಂದು ಬೊರೊಮಿರ್ ಆಸೆಪಡುತ್ತಾನೆ. ಒಬ್ಬೊಬ್ಬರಿಗೂ ತಮ್ಮದೇ ಆದ ಬೇಕು ಬೇಡಗಳಿರುವುದರಿಂದ ಅವರನ್ನು ಮರೆಯಲಾಗುವುದಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಮಾಯಾಲೋಕದ ಕಥೆಯಲ್ಲ. ಆದರೂ ನೂರಾರು ಜನರನ್ನು ಕಥೆಯೊಳಗೆ ಕೂರಿಸುವುದನ್ನು ನಾನು ಕಲಿತದ್ದು ಅಲ್ಲಿಂದ. ಜೀತದಾಳು ಗುತ್ತಿಗೆ ತಿಮ್ಮಿ ಬೇಕು. ಹೆಗ್ಗಡೆ ಗೌಡರ ಆಸೆಗಳಿಗಿರುವಷ್ಟೇ ತೂಕ ಆ ಆಸೆಗೂ ಅಲ್ಲಿದೆ. ಅವನ ನಾಯಿ ಹುಲಿಯನಿಗೂ ಜಾಗವಿದೆ.

ಹಾಗಾಗಿ ನನ್ನ ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿದ್ದೇನೆ: ಹೆಸರು, ಏನು ಬೇಕು, ಯಾರ ಋಣ, ಯಾರ ಭಯ. ಎರಡನೆಯ ಕಾಲಂ ಖಾಲಿ ಇರುವ ಪಾತ್ರವನ್ನು ಕಥೆಗೆ ಇಳಿಸುವುದಿಲ್ಲ. ಒಂದು ಅಧ್ಯಾಯಕ್ಕೆ ಮೂವರಿಗಿಂತ ಹೆಚ್ಚು ಹೊಸಬರಿಲ್ಲ. ಒಟ್ಟಿಗೆ ಬರುವವರ ಹೆಸರುಗಳು ಒಂದೇ ಅಕ್ಷರದಿಂದ ಶುರುವಾಗುವುದಿಲ್ಲ.

ಈ ಕಾಲಂಗಳನ್ನು ತುಂಬುವಾಗ ನಮ್ಮ ತರಗತಿ ಕಣ್ಣ ಮುಂದೆ ಬರುತ್ತದೆ. ಎಂಟನೇ ತರಗತಿಯ ಹಾಜರಿಯಲ್ಲಿದ್ದ ಕೆಲವು ಹೆಸರುಗಳು ಹತ್ತನೇ ತರಗತಿಯಲ್ಲಿ ಇರಲಿಲ್ಲ. ಒಬ್ಬಳಿಗೆ ಮದುವೆಯಾಯಿತು. ಇಬ್ಬರು ಗಾರೆ ಕೆಲಸಕ್ಕೆ ಹೋದರು. ಅವರಿಗೂ ಏನೋ ಬೇಕಾಗಿತ್ತು. ಆ ಕಾಲಂ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ನನ್ನ ಕಥೆಯಲ್ಲಿ ಕೋಟೆಯ ಗುಪ್ತ ದಾರಿ ರಾಜಕುಮಾರನಿಗೆ ಗೊತ್ತಿಲ್ಲ. ಅದು ಗೊತ್ತಿರುವುದು ಗೋಡೆ ಕಟ್ಟಿದ ಇಬ್ಬರು ಹುಡುಗರಿಗೆ.

ಮಕ್ಕಳೇ, ಇಂದು ಮನೆಗೆ ಹೋಗಿ ನಿಮ್ಮ ತರಗತಿಯ ಹೆಸರುಗಳನ್ನೆಲ್ಲ ಬರೆಯಿರಿ. ಪ್ರತಿ ಹೆಸರಿನ ಮುಂದೆ ಆ ಗೆಳೆಯನಿಗೆ, ಗೆಳತಿಗೆ ಏನು ಬೇಕು ಎಂದು ಬರೆಯಿರಿ. ಗೊತ್ತಿಲ್ಲದಿದ್ದರೆ ನಾಳೆ ಕೇಳಿ. ಅವರು ಇನ್ನೂ ತರಗತಿಯಲ್ಲಿ ಇರುವಾಗಲೇ ಕೇಳಿ.