ಎಕ್ಸ್-ರೇ ಕಿರಣ ಮೈಯಲ್ಲಿ ಉಳಿಯುತ್ತದೆಯೇ?



ಎಕ್ಸ್-ರೇ ತೆಗೆಸಿಕೊಂಡು ಬಂದ ತಾಯಿ ಮಗುವಿಗೆ ಹಾಲು ಕುಡಿಸಬಹುದೇ ಎಂಬ ಅನುಮಾನ ಎಷ್ಟೋ ಮನೆಗಳಲ್ಲಿದೆ. ಧಾರಾಳವಾಗಿ ಕುಡಿಸಬಹುದು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಎಕ್ಸ್-ರೇ ಯಂತ್ರದ ಕೊಳವೆಯೊಳಗೆ ಎಲೆಕ್ಟ್ರಾನ್‌ಗಳು ಭಾರಿ ವೇಗದಲ್ಲಿ ಓಡಿ ಟಂಗ್‌ಸ್ಟನ್ ಲೋಹಕ್ಕೆ ಬಡಿಯುತ್ತವೆ. ಆ ಹೊಡೆತದ ಶಕ್ತಿಯಲ್ಲಿ ಶೇಕಡಾ 99ರಷ್ಟು ಬರೀ ಶಾಖವಾಗಿ ಹೋಗುತ್ತದೆ. ಕಿರಣವಾಗುವುದು ಸುಮಾರು ಶೇಕಡಾ 1 ಮಾತ್ರ. ಸ್ವಿಚ್ ಬಿಟ್ಟ ಕ್ಷಣವೇ ಕಿರಣವೂ ನಿಲ್ಲುತ್ತದೆ. ಮೈಯಲ್ಲಾಗಲಿ, ಬಟ್ಟೆಯಲ್ಲಾಗಲಿ, ಎದೆಹಾಲಿನಲ್ಲಾಗಲಿ ಅದು ಉಳಿಯುವುದಿಲ್ಲ.

ಮೂಳೆಯಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದು ಮಾಂಸಕ್ಕಿಂತ ಹೆಚ್ಚು ಕಿರಣ ಹೀರುತ್ತದೆ. ಫಿಲ್ಮಿನಲ್ಲಿ ಮೂಳೆ ಬೆಳ್ಳಗೆ ಕಾಣುವುದು ಇದರಿಂದಲೇ. ಸೀಸ ಇನ್ನೂ ಭಾರವಾದ ಧಾತು. ತೆಳು ಹಾಳೆಯಷ್ಟಿದ್ದರೂ ಬಹುಪಾಲು ಕಿರಣವನ್ನು ತಡೆಯುತ್ತದೆ. ಆದ್ದರಿಂದ ಮಗುವನ್ನು ಹಿಡಿದುಕೊಳ್ಳಲು ಒಳಗೆ ನಿಲ್ಲಲೇಬೇಕಾದರೆ ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಿ. ಗರ್ಭಿಣಿಯರು ಆ ಕೆಲಸಕ್ಕೆ ನಿಲ್ಲಬಾರದು. ಪರೀಕ್ಷೆ ನಿಮಗೇ ಇದ್ದು, ಗರ್ಭ ನಿಂತಿರಬಹುದೆಂಬ ಅನುಮಾನವಿದ್ದರೆ ಮೊದಲೇ ಹೇಳಿಬಿಡಿ.

ಹೊಟ್ಟೆಯ ಸಿಟಿ ಸ್ಕ್ಯಾನಿನಲ್ಲಿ ದೇಹ ಹೀರುವ ವಿಕಿರಣ ಎದೆಯ ಒಂದು ಎಕ್ಸ್-ರೇಗಿಂತ ನೂರಾರು ಪಟ್ಟು ಹೆಚ್ಚು. ವೈದ್ಯರು ಬೇಕೆಂದಾಗ ಹೆದರಿ ಬಿಡಬೇಡಿ. ಬೇಡವೆಂದಾಗ ಹಟ ಹಿಡಿದು ಮಾಡಿಸಿಕೊಳ್ಳಬೇಡಿ. ಹಳೆಯ ಫಿಲ್ಮು, ರಿಪೋರ್ಟುಗಳನ್ನು ಜೋಪಾನವಾಗಿಟ್ಟರೆ ಅದೇ ಪರೀಕ್ಷೆ ಮತ್ತೆ ಮಾಡಿಸುವುದು ಎಷ್ಟೋ ಸಲ ತಪ್ಪುತ್ತದೆ. ಹೊಟ್ಟೆಗೆ ಜೆಲ್ ಸವರಿ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಶಬ್ದದ ಅಲೆಗಳದ್ದು. ಅದರಲ್ಲಿ ಈ ವಿಕಿರಣವೇ ಇಲ್ಲ.

ಥೈರಾಯ್ಡ್ ಕಾಯಿಲೆಗೆ ಕೊಡುವ ಅಯೋಡಿನ್-131 ಔಷಧದ ವಿಚಾರ ಮಾತ್ರ ಪೂರ್ತಿ ಬೇರೆ. ಅಲ್ಲಿ ಸ್ವಿಚ್ಚೇ ಇಲ್ಲ. ನುಂಗಿದ ಔಷಧದ ಪರಮಾಣುಗಳೇ ಬೀಟಾ ಮತ್ತು ಗಾಮಾ ಎಂಬ ಎರಡು ಬಗೆಯ ವಿಕಿರಣ ಹೊಮ್ಮಿಸುತ್ತವೆ. ಬೀಟಾ ಒಂದೆರಡು ಮಿಲಿಮೀಟರಿನೊಳಗೇ ಹೀರಿಹೋಗಿ, ಥೈರಾಯ್ಡಿನ ಜೀವಕೋಶಗಳನ್ನು ನಾಶಮಾಡುತ್ತದೆ. ಚಿಕಿತ್ಸೆ ನಡೆಯುವುದು ಹೀಗೆ. ಗಾಮಾ ದೇಹವನ್ನು ದಾಟಿ ಹೊರಗೆ ಬಂದು, ಹತ್ತಿರ ಇರುವವರಿಗೂ ತಾಗುತ್ತದೆ. ಈ ಅಯೋಡಿನ್ ತಾನಾಗಿಯೇ ಅರ್ಧಕ್ಕೆ ಇಳಿಯಲು 8 ದಿನ ಬೇಕು. ಬೆವರು, ಜೊಲ್ಲು, ಮೂತ್ರದಲ್ಲೂ ಅದು ಹೊರಗೆ ಹೋಗುತ್ತದೆ.

ಈ ಔಷಧ ತೆಗೆದುಕೊಂಡವರು ಆಸ್ಪತ್ರೆಯವರು ಹೇಳಿದಷ್ಟು ದಿನ ಬೇರೆಯಾಗಿ ಮಲಗಬೇಕು. ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು. ಅಂತರ ಎರಡು ಪಟ್ಟಾದರೆ ತಾಗುವ ವಿಕಿರಣ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಚೆನ್ನಾಗಿ ನೀರು ಕುಡಿಯಿರಿ. ಶೌಚಾಲಯದಲ್ಲಿ ಎರಡು ಸಲ ನೀರು ಬಿಡಿ. ತಟ್ಟೆ, ಲೋಟ, ಟವೆಲ್ ಬೇರೆ ಇಟ್ಟುಕೊಳ್ಳಿ. ಹಾಲುಣಿಸುವ ತಾಯಂದಿರು ಚಿಕಿತ್ಸೆಗೆ ಮೊದಲೇ ವೈದ್ಯರ ಹತ್ತಿರ ಮಾತಾಡಿ ಹಾಲು ಬಿಡಿಸಬೇಕು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ: ವಿಕಿರಣ ಬರುವುದು ಯಂತ್ರದಿಂದಲೋ, ದೇಹಕ್ಕೆ ಕೊಡುವ ಔಷಧದಿಂದಲೋ? ಯಂತ್ರದಿಂದ ಅಂದರೆ ನೆಮ್ಮದಿಯಾಗಿ ಮನೆಗೆ ಬನ್ನಿ. ಔಷಧದಿಂದ ಅಂದರೆ, ಪಾಲಿಸಬೇಕಾದ ನಿಯಮಗಳನ್ನು ಬರೆಸಿಕೊಂಡೇ ಬನ್ನಿ.